ಹಳೆಯ ಸಾಮಾನಿನ ಮಾರಾಟ: ಹಣ ಖಾತೆಗೆ ಬಂದ ಮೇಲೆ ಗೇಟು ತೆರೆಯಲಿ

ತೋಟವೆಂದ ಮೇಲೆ ಹಳೆಯ ಸಾಮಾನು ಇದ್ದದ್ದೇ. ಹೊಸ ಪಂಪ್‌ಸೆಟ್ ಬಂದರೆ ಹಳೆಯದು ಕೊಟ್ಟಿಗೆಯ ಮೂಲೆ ಸೇರುತ್ತದೆ. ಪಲ್ಪರ್, ಸ್ಪ್ರೇಯರ್, ಕಳೆ ಹೊಡೆಯುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಸ್ಪ್ರಿಂಕ್ಲರ್ ಪೈಪು, ಕೊನೆಗೊಂದು ದಿನ ಜೀಪು ಕೂಡ ಇದೇ ದಾರಿ ಹಿಡಿಯುತ್ತವೆ. ಹಿಂದೆ ಇವೆಲ್ಲ ನೆರೆಯವರಿಗೋ ಗುಜರಿಯವನಿಗೋ ಹೋಗುತ್ತಿದ್ದವು. ಈಗ ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಫೋಟೊ ಹಾಕಿದರೆ ಗಿರಾಕಿಗಳು ತಾವಾಗಿ ಕರೆ ಮಾಡುತ್ತಾರೆ. ಹೂಮಳೆ ತಡವಾದ ವರ್ಷ ಹಳೆಯ ಪೈಪಿಗೂ ಒಳ್ಳೆಯ ಬೆಲೆ ಸಿಗುತ್ತದೆ. ಸಣ್ಣ ಬೆಳೆಗಾರನಿಗೆ ಇದು ಸ್ವಾಗತಾರ್ಹ ಅನುಕೂಲ. ಆದರೆ ಬೆಲೆ ಕುದುರಿಸುವಾಗ ನಾವು ತೋರುವ ಜಾಣ್ಮೆ, ಹಣ ಪಡೆಯುವಾಗ ಕಾಣುತ್ತಿಲ್ಲ.

ನಮ್ಮ ಹಿರಿಯರಿಗೆ ಕಾಫಿಯ ಮಟ್ಟಿಗೆ ಕೊಳ್ಳುವವನನ್ನು ಪರೀಕ್ಷಿಸುವ ಪ್ರಮೇಯವಿರಲಿಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. ಆದರೂ ಯಾರಿಂದ ಬರುತ್ತದೆಂಬುದು ಗೊತ್ತಿತ್ತು. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬಂದ ಮೇಲೆ ವ್ಯಾಪಾರಿ ನೇರವಾಗಿ ನಮ್ಮ ಗೇಟಿಗೆ ಬಂದ. ಆಗ ನಾವು ತೂಕದ ಯಂತ್ರವನ್ನು ನಮ್ಮ ಕಣ್ಣಿನಿಂದಲೇ ನೋಡಲು, ಔಟ್‌ಟರ್ನ್ ನಮ್ಮ ಎದುರಿಗೇ ತೆಗೆಸಲು ಕಲಿತೆವು. ವ್ಯಾಪಾರಿ ಬಾಯಲ್ಲಿ ಹೇಳಿದ ತೂಕವನ್ನು ಇಂದು ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಮೊಬೈಲ್ ಹಣಕ್ಕೂ ಅದೇ ನಿಯಮ ಬೇಕು ಎಂಬುದಷ್ಟೇ ಈ ಲೇಖನದ ವಾದ.

ಮೊದಲನೆಯದಾಗಿ ಒಂದು ಮೂಲ ಸಂಗತಿ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಗುಪ್ತ ಸಂಖ್ಯೆ, ಅಂದರೆ ಪಿನ್, ಬೇಕಾಗುವುದು ಹಣ ಕಳುಹಿಸಲು, ಇಲ್ಲವೇ ನಮ್ಮ ಶಿಲ್ಕು ನೋಡಲು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ; ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಕೊಳ್ಳುವವನು ನಮ್ಮ ಕ್ಯೂಆರ್ ಸ್ಕ್ಯಾನ್ ಮಾಡಬೇಕೇ ಹೊರತು ಅವನು ಕಳುಹಿಸಿದ್ದನ್ನು ನಾವು ಸ್ಕ್ಯಾನ್ ಮಾಡುವುದಲ್ಲ. "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ" ಎಂದವನು ಕೊಳ್ಳಲು ಬಂದವನಲ್ಲ, ದೋಚಲು ಬಂದವನು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳುಹಿಸುವ 'ಕಲೆಕ್ಟ್' ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಅದೊಂದು ಬಾಗಿಲು ಮುಚ್ಚಿತು. ಕ್ಯೂಆರ್‌ನ ಬಾಗಿಲು ತೆರೆದೇ ಇದೆ.

ಎರಡನೆಯ ಸಂಗತಿ ಕೊಡಗಿನವರಾದ ನಮಗೆ ವಿಶೇಷವಾಗಿ ನೋವು ತರುವಂಥದ್ದು. ಈ ವಂಚಕರು ದೇಶದೆಲ್ಲೆಡೆ ಹೆಚ್ಚಾಗಿ ತೊಡುವ ವೇಷ ಸೈನಿಕನದು. "ನಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಸಾಮಾನು ಒಯ್ಯಲು ನಮ್ಮ ಗಾಡಿ ಬರುತ್ತದೆ" ಎನ್ನುತ್ತಾರೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಎಲ್ಲವನ್ನೂ ಕೇಳದೆಯೇ ಕಳುಹಿಸುತ್ತಾರೆ. ಬಳಿಕ "ಸೇನೆಯ ಖಾತೆಯ ಪದ್ಧತಿ ಬೇರೆ, ನೀವು ಮೊದಲು ಐದು ರೂಪಾಯಿ ಕಳುಹಿಸಿ, ಹತ್ತು ವಾಪಸು ಬರುತ್ತದೆ" ಎಂದು ನಂಬಿಸುತ್ತಾರೆ. ಹತ್ತು ಬಂದೂ ಬರುತ್ತದೆ. ಮುಂದಿನ ಸಲ ಹೋದ ಸಾವಿರಗಳು ಮಾತ್ರ ಬರುವುದಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ, ಮನೆಗೊಬ್ಬ ಮಾಜಿ ಸೈನಿಕನನ್ನು ಕಂಡ ಊರುಗಳಲ್ಲಿ, ಆ ಮಾತಿಗೆ ಎದುರು ಪ್ರಶ್ನೆ ಕೇಳಲು ಯಾರಿಗೆ ಮನಸ್ಸು ಬಂದೀತು? ಈ ಗೌರವವೇ ವಂಚಕನ ಬಂಡವಾಳ. ನಿಜವಾದ ಸೈನಿಕ ಹಳೆಯ ಪಂಪು ಕೊಳ್ಳುವಾಗ ಎಲ್ಲರಂತೆಯೇ ಹಣ ಕೊಡುತ್ತಾನೆ. ಅವನಿಗೆಂದು ಬೇರೆ ಪದ್ಧತಿಯಿಲ್ಲ. ನಮ್ಮ ಮಾಜಿ ಸೈನಿಕ ಸದಸ್ಯರೇ ಇದನ್ನು ಊರಿನಲ್ಲಿ ಹೇಳಿದರೆ ಅದರ ತೂಕವೇ ಬೇರೆ.

ಮೂರನೆಯದು ಸಿಗ್ನಲಿನ ಸಮಸ್ಯೆ. ಪಟ್ಟಣದವರಿಗೆ ಬರೆದ ಎಚ್ಚರಿಕೆಗಳಲ್ಲಿ ಇದರ ಪ್ರಸ್ತಾಪ ಇರುವುದಿಲ್ಲ. ಸಾಮಾನು ಇರುವುದು ತೋಟದಲ್ಲಿ; ತೋಟದಲ್ಲಿ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಕೊಳ್ಳುವವನು ಪಿಕಪ್ಪಿಗೆ ಪಂಪು ಏರಿಸಿ, ತನ್ನ ಮೊಬೈಲಿನಲ್ಲಿ 'ಹಣ ಪಾವತಿಯಾಗಿದೆ' ಎಂಬ ಹಸಿರು ಗುರುತು ತೋರಿಸುತ್ತಾನೆ. "ನಿಮಗೆ ನೆಟ್‌ವರ್ಕ್ ಇಲ್ಲ, ಮೆಸೇಜು ಆಮೇಲೆ ಬರುತ್ತದೆ" ಎನ್ನುತ್ತಾನೆ. ಅದು ನಿಜವೂ ಇರಬಹುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಥ ಚಿತ್ರವನ್ನು ಸೃಷ್ಟಿಸುವ ನಕಲಿ ಆಪ್‌ಗಳಿವೆ. ಬ್ಯಾಂಕಿನದೆಂದು ಕಾಣುವ ಮೆಸೇಜನ್ನೂ ಯಾರು ಬೇಕಾದರೂ ಬರೆದು ಕಳುಹಿಸಬಹುದು. ಅವನ ಮೊಬೈಲಿನ ಚಿತ್ರವೆಂದರೆ ವ್ಯಾಪಾರಿ ಬಾಯಲ್ಲಿ ಹೇಳಿದ ತೂಕವಿದ್ದಂತೆ. ನಮ್ಮ ತಕ್ಕಡಿ ನಮ್ಮ ಖಾತೆ. ನಮ್ಮ ಮೊಬೈಲಿನಲ್ಲಿ, ನಮ್ಮ ಆಪ್ ತೆರೆದು, ಶಿಲ್ಕಿನಲ್ಲಿ ಹಣ ಕಂಡ ಮೇಲೆಯೇ ಗೇಟು ತೆರೆಯಬೇಕು. ಆದುದರಿಂದ ಸಾಮಾನನ್ನು ತೋಟದಲ್ಲಿ ತೋರಿಸೋಣ, ಓಡಿಸಿ ತೋರಿಸೋಣ. ಹಣವನ್ನು ಮಾತ್ರ ಸಿಗ್ನಲ್ ಇರುವ ಕಡೆ, ಸಾಮಾನು ಗಾಡಿಗೆ ಏರುವ ಮೊದಲೇ ಪಡೆಯೋಣ.

ಇನ್ನು ಕೆಲವು ಚಿಕ್ಕ ಮಾತುಗಳು. "ಎಂಟು ಸಾವಿರದ ಬದಲು ತಪ್ಪಿ ಹದಿನೆಂಟು ಸಾವಿರ ಬಂದಿದೆ, ಹೆಚ್ಚಿನದನ್ನು ವಾಪಸು ಹಾಕಿ" ಎಂದರೆ ಮೊದಲು ಶಿಲ್ಕು ನೋಡಬೇಕು. ಹಣ ನಿಜವಾಗಿ ಬಂದಿದ್ದರೂ ನಾವೇ ವಾಪಸು ಕಳುಹಿಸದೆ ಬ್ಯಾಂಕಿನ ಮೂಲಕ ಇತ್ಯರ್ಥ ಮಾಡಿಸಬೇಕು. ಕೊಳ್ಳುವವನು ಒಬ್ಬ, ಹಣ ಬಂದ ಖಾತೆ ಇನ್ಯಾರದೋ ಆದರೆ ಅದೂ ಒಳ್ಳೆಯ ಲಕ್ಷಣವಲ್ಲ. ಅದು ಕದ್ದ ಹಣವಾಗಿದ್ದರೆ ತನಿಖೆಯಲ್ಲಿ ನಮ್ಮ ಖಾತೆಗೇ ತಡೆ ಬೀಳಬಹುದು. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯ ಮಿತಿ ದಿನಕ್ಕೆ 1 ಲಕ್ಷ ರೂಪಾಯಿ. ಜೀಪಿನಂಥ ದೊಡ್ಡ ಮಾರಾಟವಾದರೆ ಬ್ಯಾಂಕಿನಲ್ಲೇ ಎದುರುಬದುರು ಕುಳಿತು ಎನ್‌ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಮಾಡಿಸುವುದು ಲೇಸು. 2 ಲಕ್ಷ ಮತ್ತು ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಚೆಕ್ಕು ಕೊಟ್ಟರೆ ಅದು ಪಾಸಾಗುವ ತನಕ ಸಾಮಾನು ನಮ್ಮಲ್ಲೇ ಇರಲಿ.

"ಇಷ್ಟೆಲ್ಲ ಕೇಳಿದರೆ ಗಿರಾಕಿ ಹೋಗಿಬಿಡುತ್ತಾನೆ, ಮನೆಗೆ ಬಂದವರನ್ನು ಅನುಮಾನಿಸುವುದು ನಮ್ಮ ರೀತಿಯಲ್ಲ" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತೂಕ ನೋಡುವುದು ವ್ಯಾಪಾರಿಗೆ ಅಪಮಾನವೆಂದು ಯಾರೂ ಭಾವಿಸುವುದಿಲ್ಲ, ಏಕೆಂದರೆ ಎಲ್ಲರೂ ನೋಡುತ್ತಾರೆ. ಒಬ್ಬಿಬ್ಬರು ಕೇಳಿದರೆ ಅನುಮಾನ. ಎಲ್ಲರೂ ಕೇಳಿದರೆ ಅದೇ ಪದ್ಧತಿ. ನಿಜವಾದ ಗಿರಾಕಿ ಹತ್ತು ನಿಮಿಷ ಕಾಯುತ್ತಾನೆ; ಅವಸರ ಮಾಡುವವನು ಹೋದರೆ ನಷ್ಟವಿಲ್ಲ.

ಪದ್ಧತಿ ಹುಟ್ಟಿಸುವುದು ಒಬ್ಬೊಬ್ಬರಿಂದ ಆಗದು. ಸಹಕಾರ ಸಂಘಗಳು ಇರುವುದೇ ಅದಕ್ಕೆ. ಅಡಿಕೆ ಬೆಳೆಗಾರರು ಬೆಲೆ ಕುಸಿತದ ದಿನಗಳಲ್ಲಿ, 1973ರಲ್ಲಿ, ಕ್ಯಾಂಪ್ಕೊ ಕಟ್ಟಿಕೊಂಡದ್ದೂ ಒಬ್ಬೊಬ್ಬನಿಗೆ ಆಗದ್ದನ್ನು ಒಟ್ಟಾಗಿ ಮಾಡಲೆಂದೇ. ನಮ್ಮ ಸಂಘದ ಗೋದಾಮಿನ ಅಂಗಳವನ್ನು ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಹಳೆಯ ಸಾಮಾನಿನ ಹಸ್ತಾಂತರಕ್ಕೆ ಬಿಟ್ಟುಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಹಣ ಖಾತೆಗೆ ಬಂದಿದೆಯೇ ಎಂದು ನೋಡಲು ವಯಸ್ಸಾದ ಸದಸ್ಯರಿಗೆ ಸಿಬ್ಬಂದಿ ನೆರವಾಗಲಿ, ಪಿನ್ ಮಾತ್ರ ಸದಸ್ಯರ ಬೆರಳಲ್ಲೇ ಇರಲಿ. ಎರಡೂ ಕಡೆಯವರ ರುಜು ಇರುವ ಒಂದು ರಸೀದಿ ಪುಸ್ತಕವೂ ಅಲ್ಲಿರಲಿ. ಇದಕ್ಕೆ ತಗಲುವ ವೆಚ್ಚ ಒಂದು ಮೇಜು, ಒಂದು ಪುಸ್ತಕ. ಮುಂದಿನ ಮಹಾಸಭೆಯಲ್ಲಿ ಇದು ಚರ್ಚೆಗೆ ಬರಬೇಕು.

ಇಷ್ಟಾಗಿಯೂ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬಾರದು. ಕೂಡಲೇ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ಹತ್ತಿರದ ಪೊಲೀಸ್ ಠಾಣೆಗೆ ದೂರು ಕೊಡಬೇಕು. ಮೊದಲ ಗಂಟೆಯಲ್ಲೇ ತಿಳಿಸಿದರೆ ಹಣ ಮುಂದಿನ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆಯಿದೆ. ಮನೆಯವರಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದರೆ ಆ ಸಾಧ್ಯತೆ ಬಹಳ ಕಡಿಮೆ. ಮೋಸಹೋದವರು ಸಂಘಕ್ಕೂ ತಿಳಿಸಲಿ. ಒಬ್ಬರಿಗೆ ಬಂದ ಕರೆ ನಾಳೆ ಪಕ್ಕದ ತೋಟಕ್ಕೂ ಬರುತ್ತದೆ.