ಹೊರಡುವ ಹಕ್ಕಿಗಳನ್ನೂ ಎಣಿಸೋಣ

ಮಾರ್ಚ್ ಬಂತೆಂದರೆ ನಮಗೆ ಪರೀಕ್ಷೆಯ ಚಿಂತೆ, ಕೆರೆಯ ವಲಸೆ ಹಕ್ಕಿಗಳಿಗೆ ತವರಿಗೆ ಮರಳುವ ತವಕ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವವರೆಲ್ಲ ಹೆಜ್ಜಾರ್ಲೆಯನ್ನು ಗುರುತಿಸುತ್ತಾರೆ. ಆದರೆ ದಡದ ಕೆಸರಿನಲ್ಲಿ ಬಾಲ ಕುಣಿಸುತ್ತಾ ಹುಳು ಹೆಕ್ಕುವ ಪುಟ್ಟ ಗದ್ದೆಗೊರವ ಇನ್ನು ಕೆಲವೇ ವಾರಗಳಲ್ಲಿ ಹಿಮಾಲಯದ ಕಡೆಗೆ, ಅದರಾಚೆಗೂ ಹಾರಲಿದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿದಾಗ ಸುದ್ದಿಯಾಗುತ್ತದೆ. ಹೊರಡುವಾಗ ಯಾರೂ ವಿಚಾರಿಸುವುದಿಲ್ಲ. ವಾಸ್ತವವಾಗಿ ಹೊರಡುವ ಮುಂಚಿನ ವಾರಗಳೇ ಅವುಗಳಿಗೆ ನಿರ್ಣಾಯಕ. ದೂರದ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದು ಆಗಲೇ. ಗೊರವಗಳಂಥ ಹಕ್ಕಿಗಳಿಗೆ ಆ ಆಹಾರ ಸಿಗುವುದು ಆಳದ ನೀರಿನಲ್ಲಲ್ಲ, ನೀರು ಇಳಿದ ಅಂಚಿನ ಕೆಸರಿನಲ್ಲಿ.

ಸಮಸ್ಯೆ ಇರುವುದೂ ಇಲ್ಲೇ. ಕೆರೆ ಅಭಿವೃದ್ಧಿ ಎಂದರೆ ಹಲವೆಡೆ ಸುತ್ತಲೂ ಕಲ್ಲು ಕಟ್ಟಿ, ನಡಿಗೆ ಪಥ ಹಾಕಿ, ದೀಪ ಹಚ್ಚುವುದು ಎಂದಾಗಿದೆ. ಕೆರೆ ಬೋಗುಣಿಯಾಗುತ್ತದೆ, ಕೆಸರಿನ ಅಂಚು, ಜೊಂಡು ಮಾಯವಾಗುತ್ತವೆ. ಹೂಳೆತ್ತಲು ಅನುಕೂಲವಾದ ಬೇಸಿಗೆಯ ಆರಂಭವೇ ಹಕ್ಕಿಗಳು ಮೇಯುವ ಕಾಲವೂ ಹೌದು. ಉದ್ಯಾನ ಬೇಡವೆಂದಲ್ಲ. ವಾಯುವಿಹಾರಕ್ಕೆ ಬರುವ ಜನರೇ ಕೆರೆಗೆ ಕಾವಲು. ಒಂದು ಬದಿಯನ್ನಾದರೂ ಇದ್ದಂತೆಯೇ ಬಿಡಿ, ಕಾಮಗಾರಿಯನ್ನು ಹಕ್ಕಿಗಳು ಹೊರಟ ಮೇಲೆ ಆರಂಭಿಸಿ ಎಂಬುದಷ್ಟೇ ಬೇಡಿಕೆ.

ಇದರಲ್ಲಿ ನಮ್ಮ ಪಾತ್ರವೇನು? ಸ್ಪರ್ಧಾತ್ಮಕ ಪರೀಕ್ಷೆಗಾಗಿ 'ರಾಮ್ಸಾರ್ ಒಪ್ಪಂದ, ಇರಾನ್, 1971' ಎಂದು ಉರು ಹೊಡೆಯುತ್ತೇವೆ. ನಮ್ಮ ರಾಜ್ಯದಿಂದ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಮತ್ತು ಮಾಗಡಿ ಕೆರೆ ಪಟ್ಟಿ ಸೇರಿದ್ದೂ ಬಾಯಿಪಾಠ. ಆದರೆ ಸೇರುವುದು ಹೇಗೆ? ಒಂದು ಜಾತಿಯ ನೀರುಹಕ್ಕಿಯ ಒಟ್ಟು ಬಳಗದಲ್ಲಿ ಶೇ 1ರಷ್ಟು ಒಂದು ಜಾಗವನ್ನು ನಿಯಮಿತವಾಗಿ ಆಶ್ರಯಿಸುತ್ತಿರುವುದು ಅದರ ಮಾನದಂಡಗಳಲ್ಲೊಂದು. ಅಂದರೆ ಯಾರೋ ದಡದಲ್ಲಿ ನಿಂತು ವರ್ಷವರ್ಷವೂ ಎಣಿಸಿರಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಸರು ತಂದದ್ದು ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು.

2023ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರ, ಸುಮಾರು 30 ಸಾವಿರ ಹವ್ಯಾಸಿಗಳು ಇ-ಬರ್ಡ್‌ನಲ್ಲಿ ದಾಖಲಿಸಿದ ಮಾಹಿತಿ. 178 ಪ್ರಭೇದಗಳ ಸಂರಕ್ಷಣೆಗೆ ತುರ್ತು ಗಮನ ಬೇಕೆಂದು ಅದು ಹೇಳಿತು.

ಈ ಲೆಕ್ಕಕ್ಕೆ ಪದವಿ ಬೇಡ, ದುಬಾರಿ ಕ್ಯಾಮೆರಾ ಬೇಡ. ವಾರಕ್ಕೊಂದು ಬೆಳಿಗ್ಗೆ, ಒಂದು ನೋಟ್‌ಬುಕ್, ಮೊಬೈಲ್ ಸಾಕು. ಊರಿನ ಕೆರೆಯನ್ನೇ ಆರಿಸಿಕೊಳ್ಳಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಯಾವ ಹಕ್ಕಿ ಎಷ್ಟಿತ್ತು, ಕೊನೆಯದಾಗಿ ಎಂದು ಕಂಡಿತು ಎಂದು ಬರೆದಿಡಿ. ನಾಳೆ ಕೆರೆಯಂಗಳಕ್ಕೆ ಜೆಸಿಬಿ ಬಂದಾಗ 'ಇಲ್ಲಿ ಹಕ್ಕಿಗಳಿವೆ' ಎಂಬ ಬರೀ ಮಾತನ್ನು ಅಧಿಕಾರಿಗಳು ತಳ್ಳಿಹಾಕಬಹುದು. ದಿನಾಂಕ ಸಮೇತ ಬರೆದಿಟ್ಟ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.