ದೋಷ ಹುಡುಕುವ ಶ್ರಮಕ್ಕೂ ಬೆಲೆಯಿದೆ

ವ್ಯಾಪಾರದ ಲೆಕ್ಕದಲ್ಲಿ ಸರಕಿಗೆ ಬೆಲೆಯಿದೆ, ಸಾಗಾಣಿಕೆಗೆ ಬೆಲೆಯಿದೆ, ದಲಾಲಿಗೂ ಬೆಲೆಯಿದೆ. ಆದರೆ ಕೆಟ್ಟ ವಸ್ತುವಿನಲ್ಲಿ ಕೆಟ್ಟಿರುವುದು ಏನೆಂದು ಕಂಡುಹಿಡಿಯುವ ಶ್ರಮಕ್ಕೆ ತಾಲೂಕು ಮಟ್ಟದ ಪೇಟೆಗಳಲ್ಲಿ ಇನ್ನೂ ನಿಶ್ಚಿತ ಬೆಲೆ ಕಟ್ಟಿಲ್ಲ. ಹಿಂದೆ ಸಂಪಗಾಂವ ತಾಲೂಕೆಂದು ಹೆಸರಾಗಿದ್ದ ಬೈಲಹೊಂಗಲ ಭಾಗದಲ್ಲಾಗಲಿ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಾಗಲಿ, ರೇಡಿಯೋ-ಟಿ.ವಿ. ದುರಸ್ತಿಗಾರನು ವಸ್ತುವನ್ನು ಬಿಚ್ಚಿ, ಅಳೆದು, ದೋಷವನ್ನು ಗುರುತಿಸಿ ಸರಿಪಡಿಸಿದ ಮೇಲೆ ಗ್ರಾಹಕನು ಕೇಳುವ ಮೊದಲ ಪ್ರಶ್ನೆ, "ಯಾವ ಸಾಮಾನ ಹಾಕೀರಿ?" ಎಂಬುದು. ಸಾಮಾನು ಹಾಕಿಲ್ಲವೆಂದರೆ ಹಣ ಕೊಡಲು ಕೈ ಮುಂದೆ ಬರುವುದಿಲ್ಲ.

ಈ ಸಂಗತಿಯನ್ನು ಎತ್ತಿ ತೋರಿಸುವ ಒಂದು ಚಿಕ್ಕ ವಸ್ತುವೆಂದರೆ ಹಳೆಯ ವಿಡಿಯೋ ಗೇಮ್ ಯಂತ್ರ. ಜಪಾನಿನ ನಿಂಟೆಂಡೊ ಕಂಪನಿಯು 1983ರ ಜುಲೈ ತಿಂಗಳಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಯಂತ್ರವನ್ನು ಪೇಟೆಗೆ ತಂದಿತು. ಅದನ್ನೇ ಹೋಲುವ ಅಗ್ಗದ ನಕಲು ಯಂತ್ರಗಳು 1990ರ ದಶಕದಲ್ಲಿ ಭಾರತದ ಮನೆಗಳನ್ನು ಸೇರಿದವು. ಮಾರಿಯೋ, ಕಾಂಟ್ರಾ ಮುಂತಾದ ಆಟಗಳನ್ನು ಒಂದು ಪೀಳಿಗೆಯ ಮಕ್ಕಳು ಆಡಿದ್ದು ಬಹುಮಟ್ಟಿಗೆ ಇಂಥ ಯಂತ್ರಗಳಲ್ಲಿಯೇ. ಆ ಮಕ್ಕಳು ಇಂದು ಗೃಹಸ್ಥರಾಗಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆಯಿಂದ ಯಂತ್ರವನ್ನು ಇಳಿಸಿ, ತಮ್ಮ ಮಕ್ಕಳಿಗೆ ತೋರಿಸುವ ಆಸೆಯಿಂದ ದುರಸ್ತಿ ಅಂಗಡಿಯನ್ನು ಹುಡುಕುವವರು ಅವರಲ್ಲಿ ಇದ್ದಾರೆ. ಮೂಲ ಕಂಪನಿಯಂತೂ ಬಿಡಿಭಾಗಗಳ ಕೊರತೆಯಿಂದಾಗಿ 2007ರ ಅಕ್ಟೋಬರ್ 31ಕ್ಕೆ ಜಪಾನಿನಲ್ಲಿ ಫ್ಯಾಮಿಲಿ ಕಂಪ್ಯೂಟರಿನ ದುರಸ್ತಿ ಸೇವೆಯನ್ನು ಕೊನೆಗೊಳಿಸಿತು. ನಕಲು ಯಂತ್ರಗಳನ್ನು ತಯಾರಿಸಿದವರ ವಿಳಾಸ ಹುಡುಕುವುದು ಇನ್ನೂ ಕಷ್ಟ. ಹೀಗಿರುವಾಗ ಅದನ್ನು ಮತ್ತೆ ನಡೆಸಬಲ್ಲವನು ಊರಿನ ದುರಸ್ತಿಗಾರನೊಬ್ಬನೇ.

ದೋಷ ದೊಡ್ಡದಲ್ಲ, ಹುಡುಕಾಟ ದೊಡ್ಡದು

ಈ ಯಂತ್ರ ಕೆಟ್ಟಾಗ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ನೋಡಬೇಕಾದುದು ಅಡಾಪ್ಟರನ್ನು. ಮೂಲ ಫ್ಯಾಮಿಲಿ ಕಂಪ್ಯೂಟರ್ ಯಂತ್ರಕ್ಕೆ ಸುಮಾರು 10 ವೋಲ್ಟ್ ಡಿ.ಸಿ. ಬೇಕು, ಅದರ ಪಿನ್ನಿನ ನಡುಭಾಗ ಋಣ, ಹೊರಭಾಗ ಧನ. ಇಂದು ಪೇಟೆಯಲ್ಲಿ ದೊರೆಯುವ ಬಹುತೇಕ ಅಡಾಪ್ಟರುಗಳಲ್ಲಿ ನಡುಭಾಗವೇ ಧನ. ಅಮೆರಿಕೆಯಲ್ಲಿ ಮಾರಾಟವಾದ ನಿಂಟೆಂಡೊ ಯಂತ್ರದ ಅಡಾಪ್ಟರ್ 9 ವೋಲ್ಟ್ ಎ.ಸಿ. ಕೊಡುತ್ತದೆ. ಪಿನ್ನಿನ ಗಾತ್ರ ಹೊಂದಿತೆಂದು ಯಾವುದನ್ನಾದರೂ ಚುಚ್ಚಿದರೆ ನಡೆಯುತ್ತಿದ್ದ ಯಂತ್ರವೂ ಸುಟ್ಟೀತು. ಆದ್ದರಿಂದ ಅಡಾಪ್ಟರಿನ ಮೇಲಿನ ಬರಹವನ್ನು ಓದಿ, ಮಲ್ಟಿಮೀಟರಿನಿಂದ ಅಳೆಯುವುದೇ ಮೊದಲ ಹೆಜ್ಜೆ.

ಎರಡನೆಯದು ಯಂತ್ರದ ಒಳಗಿನ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್. ಒಳಬರುವ ವಿದ್ಯುತ್ತನ್ನು 5 ವೋಲ್ಟಿಗೆ ಇಳಿಸಿ ಐ.ಸಿ.ಗಳಿಗೆ ಕೊಡುವುದು ಅದರ ಕೆಲಸ. ಒಳಗೆ 9 ವೋಲ್ಟ್ ಬಂದು ಹೊರಗೆ 5 ವೋಲ್ಟ್ ಬಾರದಿದ್ದರೆ ಕಾರಣ ಎರಡಿರಬಹುದು: ರೆಗ್ಯುಲೇಟರ್ ಸತ್ತಿರಬಹುದು, ಇಲ್ಲವೇ ಅದರ ಮುಂದೆ ಎಲ್ಲಿಯೋ ಶಾರ್ಟ್ ಆಗಿರಬಹುದು. ಎರಡನೆಯದನ್ನು ನೋಡದೆ ರೆಗ್ಯುಲೇಟರನ್ನು ಬದಲಿಸಿದರೆ ಹೊಸದೂ ನಡೆಯುವುದಿಲ್ಲ. ಅಡಾಪ್ಟರಿನ ಪಿನ್ ಸಿಕ್ಕಿಸುವ ಸಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿರುವುದೂ ಸಾಮಾನ್ಯ. ವೈರನ್ನು ಅಲುಗಾಡಿಸಿದಾಗ ದೀಪ ಹತ್ತಿ ಆರಿದರೆ ಮೊದಲ ಅನುಮಾನ ಅಲ್ಲಿಯೇ.

ದೀಪ ಹತ್ತಿದರೂ ಪರದೆಯ ಮೇಲೆ ಒಂದೇ ಬಣ್ಣ ನಿಂತರೆ, ಅಥವಾ ಅಕ್ಷರಗಳು ಕಲಸಿ ಹೋದರೆ, ಮೊದಲು ಕ್ಯಾಸೆಟ್ಟಿನ ಪಿನ್ನುಗಳನ್ನು ನೋಡಬೇಕು. ಕ್ಯಾಸೆಟ್ಟಿಗೆ ಬಾಯಿಂದ ಊದಿ ಹಾಕುವುದು ಆ ಕಾಲದ ಮಕ್ಕಳೆಲ್ಲರ ರೂಢಿಯಾಗಿತ್ತು. ಊದಿದಾಗ ಸರಿಯಾದಂತೆ ಕಂಡದ್ದು ಬಹುಮಟ್ಟಿಗೆ ಕ್ಯಾಸೆಟ್ಟನ್ನು ತೆಗೆದು ಮತ್ತೆ ಕೂರಿಸಿದ್ದರಿಂದ. ಉಸಿರಿನ ತೇವ ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಪಿನ್ನುಗಳನ್ನು ಒರೆಸುವುದೇ ಸರಿಯಾದ ಮಾರ್ಗ. ಚಿತ್ರ ಅಲೆಯಲೆಯಾಗಿ ಬಂದು, ಧ್ವನಿಯಲ್ಲಿ ಗುಂಯ್‌ಗುಟ್ಟುವ ಸದ್ದಿದ್ದರೆ, ವರ್ಷಗಳ ಬಿಸಿಗೆ ಒಣಗಿದ ಕಂಡೆನ್ಸರುಗಳನ್ನು ಪರೀಕ್ಷಿಸಬೇಕು. ಗುಂಡಿ ಒತ್ತಿದರೂ ಆಟ ಕೇಳದಿದ್ದರೆ, ರಿಮೋಟಿನೊಳಗಿನ ಕಪ್ಪು ರಬ್ಬರ್ ಸವೆದಿರಬೇಕು ಇಲ್ಲವೇ ವೈರು ಒಳಗೇ ತುಂಡಾಗಿರಬೇಕು.

ದೋಷವೇ ಇಲ್ಲದ ದೂರುಗಳೂ ಉಂಟು. ಬಾತುಕೋಳಿ ಹೊಡೆಯುವ ಆಟದ ಬಂದೂಕು ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಯ ಬೆಳಕಿನ ಗತಿಯನ್ನು ನಂಬಿ ಮಾಡಿದ್ದು. ಇಂದಿನ ಚಪ್ಪಟೆ ಪರದೆಯ ಮುಂದೆ ಅದು ಕೆಲಸ ಮಾಡುವುದಿಲ್ಲ. ಜಪಾನಿನಿಂದ ಯಾರೋ ತಂದುಕೊಟ್ಟ ಮೂಲ ಯಂತ್ರವು ಎನ್.ಟಿ.ಎಸ್.ಸಿ. ಪದ್ಧತಿಯದು, ಭಾರತದಲ್ಲಿದ್ದುದು ಪಿ.ಎ.ಎಲ್. ಪದ್ಧತಿ. ಹಳೆಯ ಪಿ.ಎ.ಎಲ್. ಟಿ.ವಿ.ಗೆ ಜೋಡಿಸಿದರೆ ಚಿತ್ರ ಕಪ್ಪು-ಬಿಳುಪಾಗಬಹುದು ಅಥವಾ ಉರುಳಬಹುದು. ಇಲ್ಲಿ ಬಿಚ್ಚಿ ಕಿತ್ತು ಹಾಕಬೇಕಾದುದು ಏನೂ ಇಲ್ಲ. ಅದನ್ನು ತಿಳಿದವನು ಐದು ನಿಮಿಷದಲ್ಲಿ ಹೇಳುತ್ತಾನೆ. ತಿಳಿಯದವನು ಇಡೀ ದಿನ ಬೆಸುಗೆ ಹಾಕುತ್ತಾನೆ.

ಎಂಟಾಣೆ ಸಾಮಾನು, ಎರಡು ತಾಸಿನ ದುಡಿಮೆ

ಮೇಲೆ ಹೇಳಿದ ದೋಷಗಳಿಗೆ ಬೇಕಾಗುವ ಸಾಮಾನಿನ ಬೆಲೆಯನ್ನು ಗಮನಿಸಬೇಕು. ರೆಗ್ಯುಲೇಟರ್, ಕಂಡೆನ್ಸರುಗಳು ಕೆಲವೇ ರೂಪಾಯಿಗಳಿಗೆ ದೊರೆಯುತ್ತವೆ. ಒರೆಸುವ ಹತ್ತಿಗೂ ಬೆಸುಗೆಯ ಸೀಸಕ್ಕೂ ಲೆಕ್ಕವೇ ಇಲ್ಲ. ಆದರೆ ದೋಷ ಯಾವುದೆಂದು ನಿಶ್ಚಯಿಸಲು ಒಂದು ತಾಸೋ ಎರಡು ತಾಸೋ ಹಿಡಿಯುತ್ತದೆ. ದುರಸ್ತಿಗಾರನು ಸಾಮಾನಿನ ಬೆಲೆಯ ಮೇಲೆ ಲಾಭವಿಟ್ಟು ಬಿಲ್ಲು ಮಾಡಿದರೆ ಅವನಿಗೆ ಚಹಾದ ಖರ್ಚೂ ಹುಟ್ಟುವುದಿಲ್ಲ. ಹೀಗಾಗಿ ಅವನ ಮುಂದೆ ಎರಡು ದಾರಿಗಳು ಉಳಿಯುತ್ತವೆ: ಕೆಲಸವನ್ನೇ ನಿರಾಕರಿಸುವುದು, ಇಲ್ಲವೇ ಬದಲಿಸದ ಸಾಮಾನನ್ನು ಬದಲಿಸಿದೆನೆಂದು ಹೇಳುವುದು. ಮೊದಲನೆಯದರಿಂದ ವ್ಯಾಪಾರ ಹೋಗುತ್ತದೆ, ಎರಡನೆಯದರಿಂದ ನಂಬಿಕೆ ಹೋಗುತ್ತದೆ. ಪೇಟೆಯ ಅಪ್ರಾಮಾಣಿಕತೆಯೆಂದು ಗ್ರಾಹಕರು ದೂರುವುದರ ಒಂದು ಪಾಲು ಈ ತಪ್ಪು ಲೆಕ್ಕಾಚಾರದಿಂದಲೇ ಹುಟ್ಟಿದ್ದು.

ಇದಕ್ಕೆ ಪರಿಹಾರವೆಂದರೆ ಪರೀಕ್ಷಾ ಶುಲ್ಕವನ್ನು ಬಹಿರಂಗವಾಗಿ ನಿಗದಿಪಡಿಸುವುದು. ಅಂಗಡಿಯ ಫಲಕದ ಮೇಲೆ ಶುಲ್ಕ ಬರೆದಿರಬೇಕು. ವಸ್ತುವನ್ನು ತೆಗೆದುಕೊಳ್ಳುವಾಗ ಚೀಟಿ ಕೊಡಬೇಕು. ಪರೀಕ್ಷೆಯ ನಂತರ ದೋಷವೇನು, ಖರ್ಚೆಷ್ಟು ಎಂಬುದನ್ನು ಅದೇ ಚೀಟಿಯ ಮೇಲೆ ಬರೆದು ತಿಳಿಸಬೇಕು. ಗ್ರಾಹಕನು ಒಪ್ಪಿ ದುರಸ್ತಿ ಮಾಡಿಸಿದರೆ ಶುಲ್ಕವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಒಪ್ಪದಿದ್ದರೆ ಶುಲ್ಕ ಪಡೆದು ವಸ್ತುವನ್ನು ಮೊದಲಿದ್ದಂತೆ ಜೋಡಿಸಿ ಮರಳಿಸಬೇಕು.

ಈ ಭಾಗದ ಗ್ರಾಹಕರು ಬರೀ ನೋಡಿದ್ದಕ್ಕೆ ಹಣ ಕೊಡುವವರಲ್ಲ ಎಂಬ ಆಕ್ಷೇಪ ಬರುವುದು ಸಹಜ. ಆದರೆ ವೈದ್ಯರು ಔಷಧ ಬರೆಯದೆ ಧೈರ್ಯ ಹೇಳಿ ಕಳಿಸಿದರೂ ಅದೇ ಗ್ರಾಹಕರು ಫೀ ಕೊಟ್ಟೇ ಬರುತ್ತಾರೆ. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಯಂತ್ರ ನಿಂತರೆ, ರಾಮದುರ್ಗದಲ್ಲಿ ಮಗ್ಗ ನಿಂತರೆ, ದೋಷ ಹುಡುಕಬಲ್ಲವನ ಬೆಲೆ ಮಾಲೀಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಂತ ಪ್ರತಿ ತಾಸಿನ ನಷ್ಟ ಅವನ ಕಣ್ಣೆದುರಿಗಿರುತ್ತದೆ. ಮನೆಬಳಕೆಯ ವಸ್ತುವಿನ ವಿಷಯದಲ್ಲಿ ಆ ತಿಳಿವಳಿಕೆ ಮೂಡದಿರುವುದಕ್ಕೆ ಗ್ರಾಹಕರಷ್ಟೇ ದುರಸ್ತಿಗಾರರೂ ಹೊಣೆ. ಶುಲ್ಕವನ್ನು ಕೇಳದವನಿಗೆ ಅದು ದೊರೆಯುವುದೂ ಇಲ್ಲ.

ಹೊಸ ಆಟದ ಯಂತ್ರವೇ ಅಗ್ಗವಾಗಿ ದೊರೆಯುವಾಗ ಹಳೆಯದರ ಹಿಂದೆ ಏಕೆ ಬೀಳಬೇಕೆಂಬ ಎರಡನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಅನೇಕ ನಕಲು ಯಂತ್ರಗಳಲ್ಲಿ ಐ.ಸಿ.ಯನ್ನು ನೇರವಾಗಿ ಬೋರ್ಡಿನ ಮೇಲೆ ಕೂರಿಸಿ ಕಪ್ಪು ಅಂಟಿನ ಬೊಟ್ಟಿನಿಂದ ಮುಚ್ಚಿರುತ್ತಾರೆ. ಆ ಬೊಟ್ಟಿನೊಳಗೆ ದೋಷವಿದ್ದರೆ ದುರಸ್ತಿ ಸಾಧ್ಯವಿಲ್ಲ. ಅಂಥ ಸಂದರ್ಭದಲ್ಲಿ "ಇದಕ್ಕೆ ಹಣ ಹಾಕಬೇಡಿ" ಎಂದು ಹೇಳುವುದೇ ಗ್ರಾಹಕನಿಗೆ ಮಾಡುವ ಉಪಕಾರ. ಪರೀಕ್ಷಾ ಶುಲ್ಕವಿದ್ದಾಗ ಮಾತ್ರ ದುರಸ್ತಿಗಾರನು ಆ ಮಾತನ್ನು ನಷ್ಟವಿಲ್ಲದೆ ಹೇಳಬಲ್ಲನು. ಸತ್ಯ ಹೇಳಿದವನ ಹೊಟ್ಟೆಯ ಮೇಲೆ ಹೊಡೆಯುವ ಪದ್ಧತಿ ಯಾವ ವ್ಯಾಪಾರಕ್ಕೂ ಹಿತವಲ್ಲ.

ಕಾನೂನು ಮತ್ತು ಯೋಜನೆಗಳು

ಸರ್ಕಾರದ ಗಮನವೂ ಇತ್ತೀಚಿನ ವರ್ಷಗಳಲ್ಲಿ ದುರಸ್ತಿಯ ಕಡೆಗೆ ತಿರುಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಕುರಿತ ಅಂತರಜಾಲ ತಾಣವನ್ನು ಆರಂಭಿಸಿತು. ವಸ್ತುಗಳ ದುರಸ್ತಿ ಸುಲಭತೆಗೆ ಅಂಕ ನೀಡುವ ಸೂಚ್ಯಂಕದ ಬಗ್ಗೆ ನೇಮಿಸಲಾಗಿದ್ದ ಸಮಿತಿಯು 2025ರ ಮೇ ತಿಂಗಳಿನಲ್ಲಿ ವರದಿ ಸಲ್ಲಿಸಿತು. ಆದರೆ ಇವೆಲ್ಲವೂ ಕಂಪನಿ ಜೀವಂತವಾಗಿರುವ, ಹೊಸದಾಗಿ ಮಾರಾಟವಾಗುವ ವಸ್ತುಗಳಿಗೆ ಹೆಚ್ಚು ಅನ್ವಯಿಸುತ್ತವೆ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನುಸೂಚಿಯಲ್ಲಿ ವಿಡಿಯೋ ಗೇಮ್‌ಗಳೂ ಸೇರಿವೆ. ಬಳಸಿ ಬಿಟ್ಟ ವಸ್ತುವಿನ ಹೊಣೆಯನ್ನು ಆ ನಿಯಮಗಳು ಉತ್ಪಾದಕನ ಮೇಲೆ ಹೊರಿಸುತ್ತವೆ. ಉತ್ಪಾದಕನೇ ಕಾಣೆಯಾದ ವಸ್ತುವನ್ನು ತಿಪ್ಪೆಗೆ ಬೀಳದಂತೆ ಕಾಯುವವನು ದುರಸ್ತಿಗಾರನೇ.

ಹೀಗಿದ್ದರೂ ಅವನಿಗೆ ದೊರೆತ ಮನ್ನಣೆ ಅಷ್ಟಕ್ಕಷ್ಟೇ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಬೀಗ ಮಾಡುವವರು ಮುಂತಾದ 18 ಕಸುಬುಗಳಿವೆ. ಉಪಕರಣಗಳಿಗಾಗಿ 15,000 ರೂಪಾಯಿಗಳ ನೆರವು, ಶೇ. 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ. ಆ ಹದಿನೆಂಟರಲ್ಲಿ ಎಲೆಕ್ಟ್ರಾನಿಕ್ಸ್ ದುರಸ್ತಿ ಇಲ್ಲ. ಯೋಜನೆಯ ಉದ್ದೇಶ ಪಾರಂಪರಿಕ ಕಸುಬುಗಳ ರಕ್ಷಣೆಯೆಂಬುದು ನಿಜ. ಆದರೂ ಕೈಯಿಂದ, ಚಿಕ್ಕ ಉಪಕರಣಗಳಿಂದ ದುಡಿಯುವ ಈ ಕಸುಬಿಗೂ ಅಷ್ಟೇ ನೆರವು ಅಗತ್ಯವಾಗಿದೆ.

ಆಗಬೇಕಾದ ಕೆಲಸ

ಜಿಲ್ಲೆಯ ವಾಣಿಜ್ಯ ಸಂಘಟನೆಗಳು ಈ ದಿಶೆಯಲ್ಲಿ ಮಾಡಬಹುದಾದುದು ಸಾಕಷ್ಟಿದೆ. ಮೊದಲನೆಯದಾಗಿ, ತಾಲೂಕುವಾರು ದುರಸ್ತಿಗಾರರನ್ನು ಒಂದೆಡೆ ಸೇರಿಸಿ, ಪರೀಕ್ಷಾ ಶುಲ್ಕ ಮತ್ತು ಚೀಟಿಯ ಪದ್ಧತಿಯ ಬಗ್ಗೆ ಚರ್ಚಿಸಬೇಕು. ಎಲ್ಲರೂ ಒಂದೇ ದರ ವಿಧಿಸಬೇಕೆಂದು ಕಟ್ಟು ಹಾಕುವುದು ಸರಿಯಲ್ಲ. ಪ್ರತಿಯೊಬ್ಬನೂ ತನ್ನ ದರವನ್ನು ಬರೆದು ತೂಗುಹಾಕಿದರೆ ಸಾಕು. ಎರಡನೆಯದಾಗಿ, ಉದ್ಯಮ್ ನೋಂದಣಿ ಮಾಡಿಸದ ಅಂಗಡಿಗಳಿಗೆ ಅದನ್ನು ಮಾಡಿಸಿಕೊಡಬೇಕು. ಬ್ಯಾಂಕಿನ ಬಾಗಿಲು ತೆರೆಯಲು ಅದು ಮೊದಲ ಕೀಲಿಕೈ. ಮೂರನೆಯದಾಗಿ, ಐ.ಟಿ.ಐ.ಗಳಲ್ಲಿ ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಪಡೆಯುವ ಯುವಕ-ಯುವತಿಯರನ್ನು ಅನುಭವಿ ದುರಸ್ತಿಗಾರರ ಬಳಿ ಕೆಲಕಾಲ ಕಲಿಯಲು ಕಳಿಸುವ ವ್ಯವಸ್ಥೆಯಾಗಬೇಕು.

ಆ ಕಲಿಕೆಗೆ ಹಳೆಯ ವಿಡಿಯೋ ಗೇಮಿಗಿಂತ ಒಳ್ಳೆಯ ಪಾಠವಸ್ತು ವಿರಳ. ಅದರ ಒಳಗೆ ವಿದ್ಯುತ್ ಪೂರೈಕೆಯಿದೆ, ಚಿತ್ರ ಮತ್ತು ಧ್ವನಿಯ ಮಾರ್ಗವಿದೆ, ಗುಂಡಿಗಳಿವೆ, ಬೆಸುಗೆಯಿದೆ. ಒಳಗಿನ ವಿದ್ಯುತ್ತು 9-10 ವೋಲ್ಟ್ ಮಾತ್ರವಾದ್ದರಿಂದ ಕಲಿಯುವವರಿಗೆ ಅಪಾಯವೂ ಕಡಿಮೆ. ಇದರ ಮೇಲೆ ಕೈ ಪಳಗಿಸಿದವರು ಮುಂದೆ ಸೌರ ಪಂಪಿನ ಕಂಟ್ರೋಲರಿಗೂ, ತೂಕದ ಯಂತ್ರಕ್ಕೂ, ಮಗ್ಗದ ಎಲೆಕ್ಟ್ರಾನಿಕ್ ಫಲಕಕ್ಕೂ ಅದೇ ಕ್ರಮದಲ್ಲಿ ಪ್ರಶ್ನೆ ಕೇಳಬಲ್ಲರು: ವಿದ್ಯುತ್ತು ಬಂದಿದೆಯೇ, ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ?

ತಾಲೂಕು ಪೇಟೆಗಳಲ್ಲಿ ಇಂದು ಕೈಚಳಕಕ್ಕೆ ಕೊರತೆಯಿಲ್ಲ, ಗಿರಾಕಿಗಳಿಗೂ ಕೊರತೆಯಿಲ್ಲ. ಕೊರತೆಯಿರುವುದು ಶ್ರಮಕ್ಕೆ ತಕ್ಕ ಆದಾಯದ್ದು. ಹಳೆಯ ದುರಸ್ತಿಗಾರನು ಅಂಗಡಿ ಮುಚ್ಚಿ, ಅವನ ಮಗನು ಹುಬ್ಬಳ್ಳಿಗೋ ಪುಣೆಗೋ ನೌಕರಿಗೆ ಹೋದ ಮೇಲೆ ಆ ವಿದ್ಯೆಯನ್ನು ಮರಳಿ ಊರಿಗೆ ತರುವುದು ಸುಲಭವಲ್ಲ. ಪರೀಕ್ಷಾ ಶುಲ್ಕದ ಒಂದು ಫಲಕವನ್ನು ಅಂಗಡಿಯ ಗೋಡೆಗೆ ಹಚ್ಚುವುದು ಅದಕ್ಕಿಂತ ಬಹಳ ಅಗ್ಗದ ಕೆಲಸ. ವರ್ತಕ ಬಂಧುಗಳು ಮತ್ತು ಅವರ ಸಂಘಟನೆಗಳು ಈ ವಿಷಯವನ್ನು ಮುಂದಿನ ಸಭೆಗಳ ಕಾರ್ಯಸೂಚಿಗೆ ಸೇರಿಸಿಕೊಳ್ಳುವುದು ಸೂಕ್ತ.