ಕಾದಂಬರಿಕಾರರಿಗೆ ಹದಿನೆಂಟು ನಿಮಿಷ

ನಮ್ಮ ಮೆಚ್ಚಿನ ಕಾದಂಬರಿಕಾರರೊಬ್ಬರ ಭಾಷಣ ಕೇಳಲು ಈಚೆಗೆ ಅರ್ಧ ದಿನದ ರಜೆ ಹಾಕಿ ಮನೆಮಂದಿಯೆಲ್ಲ ಹೋಗಿದ್ದೆವು. ಯಾರ ಸಭೆ, ಎಲ್ಲಿ ಎಂಬುದು ಬೇಡ. ಗುಮಾಸ್ತಿಕೆಯ ಚಾಳಿ, ಗಡಿಯಾರ ನೋಡಿ ಬರೆದುಕೊಂಡೆವು: ಪ್ರಾರ್ಥನೆ, ಸ್ವಾಗತ, ಪರಿಚಯ, ಸನ್ಮಾನ, ಅಧ್ಯಕ್ಷರ 'ಎರಡು ಮಾತು' ಸೇರಿ ಒಂದು ಗಂಟೆ ಹತ್ತು ನಿಮಿಷ. ಕಾದಂಬರಿಕಾರರಿಗೆ ಹದಿನೆಂಟು! ತಮ್ಮ ಪಾತ್ರವೊಂದು ಹೇಗೆ ಕೈಮೀರಿ ಬೆಳೆಯಿತೆಂದು ಅವರು ಹೇಳತೊಡಗಿದ್ದರು, ಅಷ್ಟರಲ್ಲಿ ಚೀಟಿ ಬಂತು. ಊಟ ಆರುತ್ತಿದೆಯಂತೆ. ಪರಿಚಯಿಸಿದ ಮಹನೀಯರೋ, ಬೇರೊಬ್ಬರ ಕಾದಂಬರಿಯನ್ನೂ ಇವರ ಲೆಕ್ಕಕ್ಕೇ ಬರೆದುಬಿಟ್ಟರು.

ನಮ್ಮ ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಕ್ಷರ ಕೂಡಿಸಿ ಕೂಡಿಸಿ ಎರಡು ತಿಂಗಳಲ್ಲಿ ಅವರ ಒಂದು ಪುಸ್ತಕ ಮುಗಿಸಿದ್ದಳು. ಕೇಳಬೇಕಾದ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು ತಂದಿದ್ದಳು. ಮಡಿಸಿದ ಆ ಹಾಳೆ ಮಡಿಸಿದಂತೆಯೇ ಮನೆಗೆ ಬಂತು.

ದೂರದಿಂದ ಬಂದವರನ್ನು ಗೌರವಿಸಬಾರದೇ ಎನ್ನುವವರಿದ್ದಾರೆ. ಧಾರಾಳವಾಗಿ ಗೌರವಿಸಿ. ಶಾಲು ಹೊದಿಸಲು ಅರ್ಧ ನಿಮಿಷ ಸಾಕು. ಬರೆಯುವವರನ್ನು ಕರೆಸಿ ಅವರ ಮಾತನ್ನೇ ಕೇಳದಿರುವುದು ಯಾವ ಸೀಮೆಯ ಗೌರವ? 1976ರಲ್ಲಿ ಆರಂಭವಾದ ಕಲ್ಕತ್ತೆಯ ಪುಸ್ತಕ ಮೇಳದಲ್ಲಿ ಮೆಚ್ಚಿನ ಲೇಖಕರ ಸಹಿಗಾಗಿ ಬಂಗಾಳಿಗಳು ಸಾಲುಗಟ್ಟುವುದನ್ನು ಕಂಡೂ ನಾವು ಕಲಿಯಲಿಲ್ಲ. ಮೈಸೂರು ಸೀಮೆಯಲ್ಲಿದ್ದುಕೊಂಡೇ ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು (1845-1914). ನಾವು ಬಂಗಾಳದಲ್ಲಿ ಕುಳಿತು ಕನ್ನಡವನ್ನೇ ಮರೆಯುತ್ತಿದ್ದೇವೆ. ಮೀನಿನ ಪೇಟೆಯಲ್ಲಿ ಚೌಕಾಸಿ ಮಾಡುವಷ್ಟು ಬಂಗಾಳಿ ಬಂತು, ಅಷ್ಟೇ ಲಾಭ. (ಮೀನು ತಿನ್ನದವರು ತರಕಾರಿ ಎಂದು ಓದಿಕೊಳ್ಳಬೇಕು.)

'ಈ ವರ್ಷ ಬೇಡ, ಮುಂದಿನ ವರ್ಷ ಕರೆಸೋಣ' ಎಂಬ ಮಾತೂ ನಮ್ಮಲ್ಲಿ ಹಳೆಯದು. ಕಾರಂತರು 1997ರಲ್ಲಿ ಹೋದರು, ತೇಜಸ್ವಿ 2007ರಲ್ಲಿ, ಅನಂತಮೂರ್ತಿ 2014ರಲ್ಲಿ. 'ಪರ್ವ' ಬರೆದ ಭೈರಪ್ಪನವರೂ 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಮಾತ್ರ ನಾವು ಎಂದೂ ತಡಮಾಡುವುದಿಲ್ಲ.

ಪದಾಧಿಕಾರಿಗಳು ಸಿಟ್ಟಾಗುವುದಾದರೆ ಆಗಲಿ. ಮುಂದಿನ ಸಲ ಬರುವವರಿಗೆ ಪೂರಾ ಒಂದು ಗಂಟೆ ಬಿಡಿ. ಅವರ ಒಂದಾದರೂ ಪುಸ್ತಕ ಓದಿದವರಿಂದ ಪರಿಚಯ ಮಾಡಿಸಿ. ಮೊದಲ ಪ್ರಶ್ನೆ ಮಕ್ಕಳದಿರಲಿ, ಕನ್ನಡ ತಪ್ಪಾದರೂ ಯಾರೂ ನಗಕೂಡದು. ಊಟ ತಡವಾದರೆ ಬಡಿಸಲು, ಬೇಕಾದರೆ ಸಾರು ಮತ್ತೆ ಕಾಯಿಸಲು, ನಾವು ಮನೆಮಂದಿಯೆಲ್ಲ ನಿಲ್ಲುತ್ತೇವೆ.